ಗಾಡಿ ಬದಲಾತು, ಕಾಗದ ಬದಲಾಗಲಿಲ್ಲ

ಅಕ್ಕಾರ, ವೈನಿಯಾರ, ನಿಮ್ಮ ಮನಿಯಾಗ ಕಾರಿನ ಕಾಗದಪತ್ರ ಎಲ್ಲಿರ್ತಾವ? ನಮ್ಮ ಕಡೆ ಭಾಳ ಮನಿಗಳಾಗ ತಿಜೋರಿಯೊಳಗ, ಹೆಣ್ಣಮಕ್ಕಳ ಕೈಯಾಗ ಇರ್ತಾವ. ಗ್ಯಾಸ್ ಕಿಟ್ ಹಾಕಸೋದು, ದೊಡ್ಡ ಗಾಲಿ ಕೂಡಸೋದು ಗಂಡಸರ ಹೌಸು. ಏನರ ಆದ ದಿವ್ಸ ಕಾಗದ ಹುಡುಕೋದು ನಮ್ಮ ಪಾಲು. ಅದಕ್ಕ ಈ ಕಾರಿನ ವಿಮಾ ಎಲ್ಲಿಂದ ಬಂತು, ಬದಲಿಸಿದ ಗಾಡಿ ಬಗ್ಗೆ ಅದು ಏನು ಕೇಳ್ತದ ಅನ್ನೋದು ನಮಗೂ ಗೊತ್ತಿರಬೇಕು.

ಇಂಗ್ಲಂಡಿನಾಗ 1930ರ ಕಾಯಿದೆಯಿಂದ ಮೋಟಾರು ವಿಮಾ ಕಡ್ಡಾಯ ಆತು. ನಮ್ಮಲ್ಲಿ ಮೋಟಾರು ವಾಹನ ಕಾಯಿದೆ ಬಂದದ್ದು 1939ರಾಗ, ಅದರಾಗಿನ ವಿಮಾ ಭಾಗ ಜಾರಿಗೆ ಬಂದದ್ದು 1946ರ ಜುಲೈ 1ಕ್ಕ. ಆ ಕಡ್ಡಾಯ ಗಾಡಿ ಇದ್ದವರ ಸಲುವಾಗಿ ಅಲ್ರಿ. ಗಾಡಿ ಹಾಯ್ದು ಕೈಕಾಲು ಮುರಕೊಂಡವರು, ಸತ್ತವರ ಮನಿಮಂದಿ, ಇವರಿಗೆ ಪರಿಹಾರ ಸಿಗಲಿ ಅಂತ. ಅದಕ್ಕ ಅದು ಥರ್ಡ್ ಪಾರ್ಟಿ. ನಮ್ಮ ಗಾಡಿಗೆ ಆದ ಲುಕ್ಸಾನಿನದು ಬ್ಯಾರೆ ಖಾನೆ. ಅದು ಕಡ್ಡಾಯ ಅಲ್ಲ, ಕಂಪನಿ ಜೋಡಿ ನಾವು ಮಾಡ್ಕೊಂಡ ಕರಾರು. ಗಾಡಿ ಬದಲಿಸಿದಾಗ ತಕರಾರು ಹೆಚ್ಚಾಗಿ ಹುಟ್ಟೋದು ಈ ಖಾನ್ಯಾಗ. ವಿಮಾದವರು ರೊಕ್ಕ ಹೇಳೂಮುಂದ ಯಾವ ಮಾದರಿ, ಎಷ್ಟು ಸಿಸಿ, ಯಾವ ಇಂಧನ, ಬೆಲೆ ಎಷ್ಟು ಅಂತ ಕೇಳಿರ್ತಾರ. ಹೇಳಿದ ಗಾಡಿ ಒಂದು, ಅಪಘಾತದಾಗ ಸಿಕ್ಕ ಗಾಡಿ ಇನ್ನೊಂದು ಆದ್ರ, ಕರಾರು ಯಾವ ಗಾಡಿದು ಅನ್ನೋ ಪ್ರಶ್ನೆ ಬರ್ತದ.

1973ರ ಜನವರಿ 1ಕ್ಕ 107 ವಿಮಾ ಕಂಪನಿಗಳನ್ನ ಕೂಡಿಸಿ ಸರಕಾರ ನಾಲ್ಕು ಕಂಪನಿ ಮಾಡ್ತು. ದರ ಎಲ್ಲಾ ಕಡೆ ಒಂದ. ಮುಂದ 2002ರ ಜುಲೈ 1ಕ್ಕ ಬಂದ ಇಂಡಿಯಾ ಮೋಟಾರ್ ಟ್ಯಾರಿಫ್ ಅನ್ನೋ ದರಪಟ್ಟಿ ನೋಡಿದ್ರ, ಬದಲಿಸಿದ ಗಾಡಿಯನ್ನ ವಿಮಾದವರು ಹೊರಗ ಹಾಕಿರಲಿಲ್ಲ ಅನ್ನೋದು ತಿಳೀತದ. ಹೊರಗಿಂದ ಹಾಕಿಸಿದ ಗ್ಯಾಸ್ ಕಿಟ್ಟಿಗೆ ಅದರ ಬೆಲೆಯ ಶೇ. 4, ಥರ್ಡ್ ಪಾರ್ಟಿ ಬಾಬ್ತು ಮ್ಯಾಲೆ 60 ರೂಪಾಯಿ. ಅಂದ್ರ 20,000 ರೂಪಾಯಿ ಕಿಟ್ಟಿಗೆ ವರ್ಷಕ್ಕ 860 ರೂಪಾಯಿ. ಹೊರಗಿಂದ ಕೂಡಿಸಿದ ಎಲೆಕ್ಟ್ರಿಕ್ ಸಾಮಾನಿಗೂ ಶೇ. 4. ಇನ್ನ ಕಾಲಿಗೆ ಬಲ ಇಲ್ಲದವರು ಕೈಲೆ ನಡಸೂ ಹಂಗ ಬದಲಿಸಿದ ಗಾಡಿಗೆ? ಹೆಚ್ಚಿಲ್ಲ, ಕಡಿಮಿ! ಸ್ವಂತ ಲುಕ್ಸಾನಿನ ಪ್ರೀಮಿಯಮ್ಮಿನಾಗ ಅರ್ಧ ಬಿಡ್ತಿದ್ರು. ಕರಾರು ಒಂದ: ಆ ಬದಲಾವಣೆ ಆರ್‌ಸಿ ಒಳಗ ಆರ್‌ಟಿಓದವರು ಬರದಿರಬೇಕು. 2007ರ ಜನವರಿ 1ರಿಂದ ಸ್ವಂತ ಲುಕ್ಸಾನಿನ ದರ ಆಯಾ ಕಂಪನಿಗೆ ಬಿಟ್ರು. ಈಗ ಪ್ರತಿ ಕಂಪನಿ ಲೆಕ್ಕ ಬ್ಯಾರೆ, ಆದ್ರ ಕಿಟ್ಟಿನ ಖಾನೆ ಪಾಲಿಸಿಯೊಳಗ ಇನ್ನೂ ಅದ.

ಆರ್‌ಸಿ ಅಂದ್ನೆಲ್ಲ, ಅದರ ಕತಿನೂ ಕೇಳ್ರಿ. ಹಿಂದಕ ಓಮ್ನಿ ಒಳಗ ಅಡಗಿಮನಿ ಸಿಲಿಂಡರ್ ಇಟ್ಟು ಓಡಸ್ತಿದ್ದದ್ದು ಭಾಳ ಮಂದಿಗೆ ನೆನಪಿರಬೇಕು. ಅಡಗಿಗೆ ಕೊಟ್ಟ ಗ್ಯಾಸು ಗಾಡಿಗೆ ಹಾಕೋದು ಅಂದೂ ತಪ್ಪು, ಇಂದೂ ತಪ್ಪು. 1988ರ ಕಾಯಿದೆಯ 52ನೇ ಕಲಮಿಗೆ 2000ದಾಗ ತಿದ್ದುಪಡಿ ಆತು. ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ ಫರಕ ಬರೂ ಹಂಗ ಗಾಡಿ ಬದಲಿಸಬಾರದು ಅಂದ್ರು. ಆದ್ರ ನಿಯಮದ ಪ್ರಕಾರ ಸಿಎನ್‌ಜಿ, ಎಲ್‌ಪಿಜಿ ಕಿಟ್ ಕೂಡಸೋಕ ಅವಕಾಶ ಕೊಟ್ರು. ಕೇರಳದಿಂದ ಹೋದ ಒಂದು ಪ್ರಕರಣದಾಗ ಸುಪ್ರೀಂ ಕೋರ್ಟು 2019ರ ಜನವರಿ 9ಕ್ಕ ಇದನ್ನ ಗಟ್ಟಿ ಮಾಡಿ ಹೇಳ್ತು. ಅದ ವರ್ಷದ ತಿದ್ದುಪಡಿಯೊಳಗ, ಒಪ್ಪಿಗಿ ಇಲ್ಲದ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಆರು ತಿಂಗಳ ತನಕ ಜೈಲು, ಇಲ್ಲಾ ಎರಡೂ ಅಂತ ಬಂತು. ಅಂಗವಿಕಲರ ಸಲುವಾಗಿ ಬದಲಿಸೋ ಗಾಡಿಗೆ ಮಾತ್ರ ಅದ ತಿದ್ದುಪಡಿ ಹಾದಿ ಮಾಡಿಕೊಟ್ತು.

ಇಷ್ಟು ವರ್ಷದ ಕಾಯಿದೆ, ದರಪಟ್ಟಿ ಕೂಡಿಸಿ ನೋಡಿದ್ರ ತಿಳಿಯೋದು ಇಷ್ಟ. ಕಾಯಿದೆ ಒಪ್ಪೋ ಬದಲಾವಣೆಗೆ ವಿಮಾ ಸಿಗ್ತದ, ಅದೂ ದೊಡ್ಡ ಖರ್ಚಿಲ್ಲದ. ಮುಚ್ಚಿಟ್ಟದ್ದಕ್ಕ ಸಿಗಂಗಿಲ್ಲ. ವರ್ಷಕ್ಕ ಐದಾರು ನೂರು ಉಳಸೋಕ ಹೋಗಿ, ಗಾಡಿ ಸುಟ್ಟ ದಿವ್ಸ ಲಕ್ಷಗಟ್ಟಲೆ ಕಳಕೊಳ್ಳೋದು ಯಾವ ಉಳಿತಾಯ ಹೇಳ್ರಿ? ಸಾಲ ತಗೊಂಡ ಗಾಡಿ ಆದ್ರಂತೂ ಗಾಡಿ ಹೋತು, ಕಂತು ಉಳೀತು.

ಇವತ್ತ ಮಧ್ಯಾಹ್ನ ಕೈ ಖಾಲಿ ಆದಮ್ಯಾಲೆ ತಿಜೋರಿ ತಗೀರಿ. ಆರ್‌ಸಿ ಒಳಗ ಇಂಧನದ ಮುಂದ ಏನು ಬರದದ ನೋಡ್ರಿ. ಗಾಡಿಯೊಳಗ ಗ್ಯಾಸ್ ಇದ್ದು, ಅಲ್ಲಿ ಬರೇ ಪೆಟ್ರೋಲ್ ಅಂತಿದ್ರ ಮೊದಲ ಆರ್‌ಟಿಓ ಕಡೆ ಹೋಗಬೇಕು. ಒಪ್ಪಿಗಿ ಪಡೆದ ಕಿಟ್ಟು, ಅದನ್ನ ಕೂಡಿಸಿದವರ ಪಾವತಿ, ಸರ್ಟಿಫಿಕೇಟು ಬೇಕಾಗ್ತಾವ. ಆರ್‌ಸಿ ಒಳಗ ಏರಿಸಿದ ಮ್ಯಾಲೆ ವಿಮಾದವರಿಗೆ ಬರದು ಕೊಟ್ಟು, ಎಂಡಾರ್ಸ್‌ಮೆಂಟ್ ಅನ್ನೋ ಹಾಳಿ ಇಸ್ಕೊಳ್ರಿ. ಪಾಲಿಸಿ ಮುಗಿಯೋ ತನಕ ಕಾಯೋದು ಬ್ಯಾಡ. ಆ ಹಾಳಿನ ಪಾಲಿಸಿ ಜೋಡಿನ ಪಿನ್ನು ಹೊಡದು ಇಡ್ರಿ.