ಬಾಯ್ಲರ್ ಮನೆಯವನ ಸಂಬಳ

ರೈಲಿನ ಎಂಜಿನ್ ನಡೆಸುವ ಚಾಲಕನನ್ನು ಊರೆಲ್ಲ ಬಲ್ಲದು. ಮಕ್ಕಳು ಅವನಿಗೆ ಕೈ ಬೀಸುತ್ತಾರೆ. ಆದರೆ ನಿಂತಲ್ಲೇ ನಿಂತು ದುಡಿಯುವ ಎಂಜಿನ್ನಿಗೂ ಒಬ್ಬ ಚಾಲಕ ಬೇಕೆಂಬುದು ನಮ್ಮಲ್ಲಿ ಬಹುಮಂದಿಗೆ ಹೊಳೆಯುವುದಿಲ್ಲ. ಬಿನ್ನಿಪೇಟೆ, ಗೋಪಾಲಪುರ, ಶ್ರೀರಾಮಪುರ, ಮಾಗಡಿ ರಸ್ತೆಯ ಆಸುಪಾಸಿನ ಗಿರಣಿಗಳಲ್ಲಿ ಮಗ್ಗದವರು ಬರುವ ಮುನ್ನವೇ ಬಂದು ಬೆಂಕಿ ಹೂಡಿ, ಉಗಿ ಎಬ್ಬಿಸಿ, ಇಡೀ ಕಾರ್ಖಾನೆಗೆ ಉಸಿರು ಕೊಡುತ್ತಿದ್ದವನು ಅವನೇ. ಸರ್ಕಾರಿ ಕಾಗದಗಳಲ್ಲಿ ಅವನು ಬಾಯ್ಲರ್ ಅಟೆಂಡೆಂಟ್. ಕೆಲಸದವರ ಬಾಯಲ್ಲಿ ಫೈರ್‌ಮನ್ ಅಥವಾ ಆಪರೇಟರ್.

ಇಂಥವನಿಗೆ ಸಂಬಳ ಎಷ್ಟು ಎಂಬ ಪ್ರಶ್ನೆ ಸರಳವಾಗಿ ಕಾಣುತ್ತದೆ. ಆದರೆ ಒಂದೇ ಬಗೆಯ ಬಾಯ್ಲರಿನ ಮುಂದೆ, ಒಂದೇ ಬಗೆಯ ಪ್ರಮಾಣಪತ್ರ ಹಿಡಿದು ನಿಂತ ಇಬ್ಬರಿಗೆ ಬರುವ ಸಂಬಳದಲ್ಲಿ ಅಜಗಜಾಂತರವಿರುವುದುಂಟು. ಈ ಅಂತರ ಎಲ್ಲಿಂದ ಬಂತು? ಇದಕ್ಕೆ ಉತ್ತರ ಹುಡುಕಲು ಪಶ್ಚಿಮ ಬೆಂಗಳೂರಿನ ನೂರನಲವತ್ತು ವರ್ಷಗಳ ಕೈಗಾರಿಕಾ ಚರಿತ್ರೆಯನ್ನು ಒಮ್ಮೆ ತಿರುವಿಹಾಕಬೇಕಾಗುತ್ತದೆ.

ಉಗಿ ಬಂದ ಕಾಲ

ಬೆಂಗಳೂರು ಉಣ್ಣೆ, ಹತ್ತಿ ಮತ್ತು ರೇಷ್ಮೆ ಗಿರಣಿ ಸ್ಥಾಪನೆಯಾದದ್ದು 1884ರಲ್ಲಿ. ಎರಡು ವರ್ಷಗಳಲ್ಲೇ ಅದರ ಆಡಳಿತ ಮದರಾಸಿನ ಬಿನ್ನಿ ಕಂಪೆನಿಯ ಕೈಗೆ ಹೋಯಿತು. ಜನರ ಬಾಯಲ್ಲಿ ಅದು ಬಿನ್ನಿಮಿಲ್ ಆಯಿತು, ಸುತ್ತಲ ಬಡಾವಣೆ ಬಿನ್ನಿಪೇಟೆಯಾಯಿತು. ಮಲ್ಲೇಶ್ವರದ ಕಡೆ ರಾಜಾ ಮಿಲ್, ಆಮೇಲೆ ಮಾಗಡಿ ರಸ್ತೆಯ ಕಡೆ ಮಿನರ್ವ ಮಿಲ್ ತಲೆಯೆತ್ತಿದವು. ಅಂದಿನ ಗಿರಣಿಯೆಂದರೆ ಒಂದು ದೊಡ್ಡ ಉಗಿಯಂತ್ರ, ಅದರಿಂದ ಹೊರಟ ಉದ್ದನೆಯ ಶಾಫ್ಟು, ಶಾಫ್ಟಿನಿಂದ ಪ್ರತಿ ಯಂತ್ರಕ್ಕೂ ಹಾದ ಚರ್ಮದ ಪಟ್ಟಿಗಳು. ಬಾಯ್ಲರ್ ತಣ್ಣಗಾದರೆ ಸಾವಿರ ಕೈಗಳು ಸುಮ್ಮನಾಗುತ್ತಿದ್ದವು.

ಬಾಯ್ಲರ್ ತಣ್ಣಗಾಗುವುದಕ್ಕಿಂತ ಭೀಕರವಾದ ಇನ್ನೊಂದು ಸಂಗತಿಯಿತ್ತು. ಸಾಮಾನ್ಯ ಒತ್ತಡದಲ್ಲಿ ಒಂದು ಲೀಟರ್ ನೀರು ಆವಿಯಾದರೆ ಸುಮಾರು 1600 ಲೀಟರಿನಷ್ಟು ಜಾಗ ಬೇಡುತ್ತದೆ. ಬಾಯ್ಲರಿನೊಳಗೆ ನೀರು ನೂರು ಡಿಗ್ರಿ ದಾಟಿ, ಒತ್ತಡಕ್ಕೆ ತಕ್ಕಂತೆ 180 ಡಿಗ್ರಿಯವರೆಗೂ, ಅದಕ್ಕೂ ಮೇಲಕ್ಕೂ ಕಾದಿರುತ್ತದೆ. ತಗಡು ಎಲ್ಲಾದರೂ ಬಿಟ್ಟುಕೊಟ್ಟಿತೆಂದರೆ ಆ ನೀರೆಲ್ಲ ಕ್ಷಣಾರ್ಧದಲ್ಲಿ ಉಗಿಯಾಗಿ ಸಿಡಿಯುತ್ತದೆ. 1863ರಲ್ಲಿ ಕಲ್ಕತ್ತೆಯಲ್ಲಿ ಹೀಗೊಂದು ಬಾಯ್ಲರ್ ಸಿಡಿದು ಹಲವರು ಸತ್ತರು. ಮರುವರ್ಷವೇ ಬಂಗಾಳದಲ್ಲಿ ಬಾಯ್ಲರುಗಳ ತಪಾಸಣೆಗೆ ಕಾಯ್ದೆ ಬಂತು. ಬೇರೆ ಬೇರೆ ಪ್ರಾಂತ್ಯಗಳು ಬೇರೆ ಬೇರೆ ನಿಯಮ ಮಾಡಿಕೊಂಡು ಗೊಂದಲವಾದಾಗ, 1923ರಲ್ಲಿ ಬ್ರಿಟಿಷ್ ಇಂಡಿಯಾಕ್ಕೆಲ್ಲ ಒಂದೇ ಬಾಯ್ಲರ್ ಕಾಯ್ದೆ ರೂಪುಗೊಂಡಿತು. ಸಂಸ್ಥಾನಗಳು ಭಾರತದಲ್ಲಿ ಸೇರಿದ ಮೇಲೆ ಅದು ನಮ್ಮ ನಾಡಿಗೂ ಅನ್ವಯವಾಯಿತು.

ಇಲ್ಲಿ ಗಮನಿಸಬೇಕಾದ ಮಾತೊಂದಿದೆ. ಈ ಕಾಯ್ದೆ ಮತ್ತು ಅದರಡಿಯ ನಿಯಮಗಳು ಬಾಯ್ಲರನ್ನು ನೋಂದಾಯಿಸಿದ್ದಷ್ಟೇ ಅಲ್ಲದೆ, ಅದನ್ನು ನೋಡಿಕೊಳ್ಳುವವನಿಗೂ ಪರೀಕ್ಷೆ ಒಡ್ಡಿದವು. ಪರೀಕ್ಷಕರ ಮಂಡಳಿಯ ಮುಂದೆ ಉತ್ತರ ಹೇಳಿ ಎರಡನೆಯ ದರ್ಜೆಯ, ಆಮೇಲೆ ಮೊದಲನೆಯ ದರ್ಜೆಯ ಪ್ರಮಾಣಪತ್ರ ಪಡೆಯಬೇಕು. ದೊಡ್ಡ ಸ್ಥಾವರಗಳಿಗೆ ಬಾಯ್ಲರ್ ಆಪರೇಷನ್ ಎಂಜಿನಿಯರ್ ಬೇಕು; 2011ರ ನಿಯಮಗಳ ಪ್ರಕಾರ ಬೆಂಕಿಯ ಬಿಸಿ ತಾಕುವ ಮೈ 1000 ಚದರ ಮೀಟರ್ ಮೀರಿದ ಕಡೆ ಅಂಥವನೇ ಹೊಣೆ ಹೊರಬೇಕು. ಪ್ರಮಾಣಪತ್ರವಿಲ್ಲದವನ ಕೈಗೆ ಬಾಯ್ಲರ್ ಕೊಡುವುದು ಅಪರಾಧ. ಹೀಗೆ, ಕೆಲಸ ಕಲಿತವರು ಸಾವಿರ ಮಂದಿ ಇದ್ದರೂ ಕಾಗದ ಉಳ್ಳವರು ಕೆಲವರೇ ಆದರು. ಬಾಯ್ಲರ್ ಮನೆಯವನ ಸಂಬಳಕ್ಕೆ ಮೊದಲ ಆಧಾರ ಈ ಕಾಗದ.

ಅಮೆರಿಕದಲ್ಲೂ ಇದೇ ಕಥೆ. 1905ರ ಮಾರ್ಚಿಯಲ್ಲಿ ಮ್ಯಾಸಚೂಸೆಟ್ಸ್‌ನ ಬ್ರಾಕ್ಟನ್ ಊರಿನ ಪಾದರಕ್ಷೆ ಕಾರ್ಖಾನೆಯಲ್ಲಿ ಬಾಯ್ಲರ್ ಸಿಡಿದು 58 ಮಂದಿ ಸತ್ತ ಮೇಲೆ ಅಲ್ಲಿ ನಿಯಮಗಳು ಬಿಗಿಯಾದವು. ಅದಕ್ಕೂ ಮೊದಲೇ, 1896ರಲ್ಲಿ, ಉಗಿಯಂತ್ರ ನಡೆಸುವವರು ಷಿಕಾಗೋದಲ್ಲಿ ತಮ್ಮದೇ ಸಂಘ ಕಟ್ಟಿಕೊಂಡಿದ್ದರು. ಅಂದು ಅವರು ವಾರಕ್ಕೆ 60ರಿಂದ 90 ಗಂಟೆ ದುಡಿಯುತ್ತಿದ್ದರು. ಅಲ್ಲಿ ಇಂದು ಈ ಕಸುಬಿನವರ ಸಂಬಳ ಸಾಮಾನ್ಯ ಕಾರ್ಮಿಕನ ಸಂಬಳಕ್ಕಿಂತ ಸಾಕಷ್ಟು ಮೇಲಿದೆ. ಪರವಾನಗಿಯೂ ಸಂಘವೂ ಜೊತೆಗೂಡಿದ್ದು ಅದಕ್ಕೆ ದೊಡ್ಡ ಕಾರಣ.

ವಿದ್ಯುತ್ತು ಬಂದರೂ ಉಗಿ ಹೋಗಲಿಲ್ಲ

1902ರಲ್ಲಿ ಶಿವನಸಮುದ್ರದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. 1905ರಲ್ಲಿ ಬೆಂಗಳೂರಿಗೂ ಬೆಳಕು ಬಂತು. ಕಾಲಕ್ರಮದಲ್ಲಿ ಶಾಫ್ಟು, ಪಟ್ಟಿಗಳು ಹೋಗಿ ಪ್ರತಿ ಯಂತ್ರಕ್ಕೂ ಮೋಟಾರು ಬಂತು. ಉಗಿಯಂತ್ರದ ಚಾಲಕನ ಕೆಲಸ ಹೋಯಿತು. ಆದರೆ ಬಾಯ್ಲರಿನವನು ಉಳಿದ. ನೂಲಿಗೆ ಗಂಜಿ ಹಾಕಲು, ಬಣ್ಣದ ತೊಟ್ಟಿ ಕಾಯಿಸಲು, ಬಟ್ಟೆ ಒಣಗಿಸಲು ಉಗಿಯೇ ಬೇಕಿತ್ತು.

ರಾಜಾಜಿನಗರದ ಕೈಗಾರಿಕಾ ಬಡಾವಣೆ ಬೆಳೆದದ್ದು ಈ ಎರಡನೆಯ ಹಂತದಲ್ಲಿ. ಮೈಸೂರು ಸರ್ಕಾರ ಆರಂಭಿಸಿದ್ದ ಸಾಬೂನು ಕಾರ್ಖಾನೆ 1957ರಲ್ಲಿ ಇಲ್ಲಿಗೆ ಬಂತು. ಸಾಬೂನು ಕಾಯಿಸುವುದೂ ಉಗಿಯ ಕೆಲಸ, ಗಂಧದೆಣ್ಣೆ ಇಳಿಸುವುದೂ ಉಗಿಯ ಕೆಲಸ. ನಮ್ಮ ನಾಡಿನ ಪರಿಮಳಕ್ಕೂ ಬಾಯ್ಲರ್ ಮನೆಗೂ ಇರುವ ನಂಟು ಇದು.

ನಡೆಯದೇ ಇದ್ದದ್ದಕ್ಕೆ ಕೂಲಿ

ನೇಕಾರನಿಗೆ ನೇಯ್ದ ಗಜಗಳ ಲೆಕ್ಕದಲ್ಲಿ ಕೂಲಿ ಕೊಡಬಹುದು. ಬಾಯ್ಲರಿನವನ ದುಡಿಮೆಯನ್ನು ಯಾವ ಅಳತೆಗೋಲಿನಿಂದ ಅಳೆಯುವುದು? ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟ ನೋಡುವುದು, ಒತ್ತಡದ ಮುಳ್ಳನ್ನು ಗಮನಿಸುವುದು, ಸುರಕ್ಷತಾ ಕವಾಟ ಅಂಟಿಕೊಂಡಿಲ್ಲವೆಂದು ಖಚಿತಪಡಿಸಿಕೊಳ್ಳುವುದು, ತಳದ ಕೆಸರನ್ನು ಹೊತ್ತು ಹೊತ್ತಿಗೆ ಹೊರಬಿಡುವುದು - ಇವೆಲ್ಲ ಸರಿಯಾಗಿ ನಡೆದ ದಿನ ಹೇಳಿಕೊಳ್ಳುವಂಥದ್ದೇನೂ ನಡೆಯುವುದಿಲ್ಲ. ಏನೂ ನಡೆಯದಂತೆ ನೋಡಿಕೊಳ್ಳುವುದೇ ಅವನ ಉತ್ಪಾದನೆ. ಕೊಳವೆಬಾವಿಯ ಗಡಸು ನೀರು ಬಳಸುವ ಕಡೆ ಈ ಜಾಣ್ಮೆಗೆ ಇನ್ನೂ ಬೆಲೆ. ಗಡಸು ನೀರು ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಪದರ ದಪ್ಪವಾದಷ್ಟೂ ಇಂಧನ ಹೆಚ್ಚು ಸುಡುತ್ತದೆ, ಲೋಹ ಬೇಗ ಸೋಲುತ್ತದೆ. ಒಳ್ಳೆಯ ಆಪರೇಟರ್ ತನ್ನ ಸಂಬಳದ ಎಷ್ಟೋ ಪಾಲನ್ನು ಇಂಧನದಲ್ಲೇ ಉಳಿಸಿಕೊಡುತ್ತಾನೆ. ಆದರೆ ಆ ಉಳಿತಾಯ ಮಾಲೀಕನ ಲೆಕ್ಕದ ಪುಸ್ತಕದಲ್ಲಿ ಅವನ ಹೆಸರಿನಲ್ಲಿ ಬರುವುದು ಅಪರೂಪ.

ಇನ್ನು ಪಾಳಿಯ ಲೆಕ್ಕ. ವಾರಕ್ಕೆ 168 ಗಂಟೆ. ಹಗಲಿರುಳು ಉರಿಯುವ ಬಾಯ್ಲರಿಗೆ ತಲಾ 48 ಗಂಟೆಯಂತೆ ಹಂಚಿದರೆ ಮೂರೂವರೆ ಮಂದಿ ಬೇಕು, ಅಂದರೆ ನಾಲ್ವರು. ರಜೆ, ಕಾಯಿಲೆ ಸೇರಿಸಿದರೆ ಇನ್ನೂ ಒಬ್ಬ. 1948ರ ಕಾರ್ಖಾನೆ ಕಾಯ್ದೆ ಹೆಚ್ಚುವರಿ ದುಡಿಮೆಗೆ ಇಮ್ಮಡಿ ದರ ಗೊತ್ತುಮಾಡಿತ್ತು. ಆದರೆ ಎಂಜಿನ್ ಮನೆ ಮತ್ತು ಬಾಯ್ಲರ್ ಮನೆಯವರಿಗೆ ವಾರದ ಅವಧಿ, ವಾರದ ರಜೆಗಳ ವಿಷಯದಲ್ಲಿ ವಿನಾಯಿತಿ ನೀಡಲು ರಾಜ್ಯಗಳಿಗೆ ಅವಕಾಶವನ್ನೂ ಅದೇ ಕಾಯ್ದೆ ಕೊಟ್ಟಿತ್ತು. ಬೆಂಕಿ ಭಾನುವಾರ ಅರಿಯದು ಎಂಬುದು ಅದರ ತರ್ಕ. ನಾಲ್ವರ ಜಾಗದಲ್ಲಿ ಮೂವರನ್ನಿಟ್ಟರೆ ಪ್ರತಿಯೊಬ್ಬನ ಪಾಲಿಗೆ ವಾರಕ್ಕೆ 56 ಗಂಟೆ ಬೀಳುತ್ತದೆ. ತಿಂಗಳ ಕೊನೆಯಲ್ಲಿ ಅವನ ಕೈಗೆ ಬರುವ ಹಣ ದೊಡ್ಡದಾಗಿ ಕಾಣಬಹುದು. ಅದರಲ್ಲಿ ಮೂಲ ವೇತನವೆಷ್ಟು, ನಿದ್ದೆಗೆಟ್ಟು ಗಳಿಸಿದ್ದೆಷ್ಟು ಎಂದು ಬಿಡಿಸಿ ನೋಡದೆ ಸಂಬಳ ಒಳ್ಳೆಯದೆಂದು ತೀರ್ಮಾನಿಸುವಂತಿಲ್ಲ.

ಬದುಕಿನ ಬೆಲೆಯ ಲೆಕ್ಕ

ಸಂಬಳವನ್ನು ಅಳೆಯುವ ಎರಡನೆಯ ಆಧಾರ ಬೆಲೆಯೇರಿಕೆ. ಸ್ವಾತಂತ್ರ್ಯ ಬಂದ ಹೊಸತರಲ್ಲಿ, 1948ರಲ್ಲಿ, ಕನಿಷ್ಠ ವೇತನ ಕಾಯ್ದೆ ಬಂತು. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಕನಿಷ್ಠ ವೇತನಕ್ಕೆ ಅಡುಗೆಮನೆಯಿಂದಲೇ ಲೆಕ್ಕ ಹಾಕಿತು: ದುಡಿಯುವವನೂ ಸೇರಿ ಮೂರು ಆಳುಗಳ ಊಟ, ತಲೆಗೆ 2700 ಕ್ಯಾಲೊರಿ, ನಾಲ್ವರ ಕುಟುಂಬಕ್ಕೆ ವರ್ಷಕ್ಕೆ 72 ಗಜ ಬಟ್ಟೆ, ಮನೆ ಬಾಡಿಗೆ, ಇಂಧನ ಮತ್ತು ಇತರ ಖರ್ಚಿಗೆ ಶೇ. 20. ಮಕ್ಕಳ ಓದು, ಔಷಧಿ, ಹಬ್ಬ, ಮುಪ್ಪು ಮುಂತಾದವಕ್ಕೆ ಇನ್ನೂ ಶೇ. 25 ಸೇರಬೇಕೆಂದು ಸುಪ್ರೀಂ ಕೋರ್ಟ್ 1991ರಲ್ಲಿ ಹೇಳಿತು.

ಇದರ ಜೊತೆಗೆ ಬೆಳೆದದ್ದು ತುಟ್ಟಿಭತ್ಯೆ. ಅಕ್ಕಿ, ಬೇಳೆ, ಸೀಮೆಎಣ್ಣೆಗಳ ಬೆಲೆಯಿಂದ ಹೆಣೆದ ಬೆಲೆ ಸೂಚ್ಯಂಕ ಏರಿದಂತೆ ಭತ್ಯೆಯೂ ಏರಬೇಕು. ಗಿರಣಿಯ ಖಾಯಂ ನೌಕರನ ಪಾಲಿಗೆ ಇದು ಕೊಡೆಯಂತೆ. ಇದರ ಮೇಲೆ ಸಂಘಗಳು ಕುದುರಿಸಿದ ಒಪ್ಪಂದಗಳು, ಬೋನಸ್, ಭವಿಷ್ಯನಿಧಿ, ರಾಜಾಜಿನಗರದ ಇ.ಎಸ್.ಐ. ಆಸ್ಪತ್ರೆಯ ಚಿಕಿತ್ಸೆ. ಇವೆಲ್ಲ ಕೂಡಿದಾಗ ಬಾಯ್ಲರಿನವನ ಸಂಬಳ ಕೈಗೆ ಬಂದ ನೋಟುಗಳಿಗಿಂತ ದೊಡ್ಡದಾಗಿರುತ್ತಿತ್ತು.

ಒಂದೇ ಊರಿನಲ್ಲಿ ಒಂದೇ ಬಗೆಯ ಕೆಲಸಕ್ಕೆ ಬೇರೆ ಬೇರೆ ಸಂಬಳವೇಕೆ ಎಂಬ ಪ್ರಶ್ನೆ ಬೆಂಗಳೂರನ್ನು ಒಮ್ಮೆ ಅಲುಗಾಡಿಸಿದ್ದುಂಟು. 1980ರ ಡಿಸೆಂಬರ್ ಕೊನೆಯಲ್ಲಿ ಎಚ್.ಎ.ಎಲ್., ಬಿ.ಇ.ಎಲ್., ಐ.ಟಿ.ಐ., ಎಚ್.ಎಂ.ಟಿ., ಬಿ.ಇ.ಎಂ.ಎಲ್. ಕಾರ್ಮಿಕರು ಹೂಡಿದ ಮುಷ್ಕರ 77 ದಿನ ನಡೆಯಿತು. ಬಿ.ಎಚ್.ಇ.ಎಲ್. ನೌಕರರಿಗೆ ಸಮನಾದ ವೇತನ ಬೇಕೆಂಬುದು ಅವರ ಮುಖ್ಯ ಬೇಡಿಕೆಗಳಲ್ಲಿ ಒಂದು. ಮುಷ್ಕರ ಬೇಡಿಕೆ ಈಡೇರದೆಯೇ ಮುಗಿಯಿತು. ಆದರೆ ಕಸುಬು ಒಂದೇ ಆದರೂ ಕೆಲಸ ಕೊಟ್ಟ ಸಂಸ್ಥೆ ಯಾವುದು ಎಂಬುದರ ಮೇಲೆ ಸಂಬಳ ನಿಲ್ಲುತ್ತದೆ ಎಂಬ ಸತ್ಯವನ್ನು ಅದು ಊರಿಗೆಲ್ಲ ತೋರಿಸಿಕೊಟ್ಟಿತು.

ಹಾಜರಿ ಪುಸ್ತಕ ಬದಲಾದಾಗ

ಆ ಹೊತ್ತಿಗಾಗಲೇ ಗಿರಣಿಗಳ ಕಾಲ ಇಳಿಮುಖವಾಗಿತ್ತು. ಮಿನರ್ವ ಮಿಲ್ಲಿನ ಆಡಳಿತವನ್ನು ಕೇಂದ್ರ ಸರ್ಕಾರ 1971ರಲ್ಲಿ ವಹಿಸಿಕೊಂಡು, 1974ರಲ್ಲಿ ಗಿರಣಿಯನ್ನು ರಾಷ್ಟ್ರೀಕರಣ ಮಾಡಿತ್ತು. ಅದರಿಂದ ಹುಟ್ಟಿದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ 1980ರಲ್ಲಿ ಕೊಟ್ಟ ತೀರ್ಪು ಕಾನೂನು ಓದುವವರಿಗೆಲ್ಲ ಬಾಯಿಪಾಠ. ಆದರೆ ತೀರ್ಪು ಉಳಿದಷ್ಟು ಗಟ್ಟಿಯಾಗಿ ಗಿರಣಿ ಉಳಿಯಲಿಲ್ಲ. ಬಿನ್ನಿಮಿಲ್ಲಿನ ನೆಲದಲ್ಲಿ ಬಹುಮಹಡಿ ವಸತಿಗಳು ಎದ್ದವು. ರಾಜಾ ಮಿಲ್ ಇದ್ದ ಕಡೆ ಮಂತ್ರಿ ಮಾಲ್ ಬಂತು. ಕಿರ್ಲೋಸ್ಕರ್ ಎಲೆಕ್ಟ್ರಿಕ್ ಕಾರ್ಖಾನೆಯ ನೆಲದಲ್ಲಿ ಒರಾಯನ್ ಮಾಲ್ 2012ರಲ್ಲಿ ತೆರೆಯಿತು.

ಹಾಗಾದರೆ ಈ ಕಸುಬು ಮುಗಿಯಿತೇ? ಇಲ್ಲ. ಮಾಲಿನ ನೆಲಮಾಳಿಗೆಯಲ್ಲಿ ಹವಾನಿಯಂತ್ರಣದ ದೈತ್ಯ ಯಂತ್ರಗಳಿವೆ, ಡೀಸೆಲ್ ಜನರೇಟರುಗಳಿವೆ, ಪಂಪುಗಳಿವೆ. ಆಸ್ಪತ್ರೆಗಳಲ್ಲಿ ಉಪಕರಣ ಶುದ್ಧೀಕರಿಸಲು, ಬಟ್ಟೆ ಒಗೆಯಲು ಉಗಿ ಬೇಕು. ಕಾಮಾಕ್ಷಿಪಾಳ್ಯ, ಪೀಣ್ಯದ ಘಟಕಗಳಿಗೂ ಬೇಕು. ನಿಂತ ಯಂತ್ರದ ಮುಂದೆ ಕಣ್ಣಿಟ್ಟು ನಿಲ್ಲುವವನು ಇಂದಿಗೂ ಅಲ್ಲಿದ್ದಾನೆ. ಬದಲಾದದ್ದು ಅವನ ಹೆಸರಿರುವ ಹಾಜರಿ ಪುಸ್ತಕ. ಅಂದು ಅದು ಗಿರಣಿಯ ಪುಸ್ತಕ. ಇಂದು ಬಹುಪಾಲು ಕಡೆ ನಿರ್ವಹಣೆಯ ಗುತ್ತಿಗೆ ಹಿಡಿದ ಏಜೆನ್ಸಿಯ ಪುಸ್ತಕ. ಗುತ್ತಿಗೆ ಕಾರ್ಮಿಕ ಪದ್ಧತಿಯನ್ನು ನಿಯಂತ್ರಿಸಲು 1970ರಲ್ಲೇ ಕಾಯ್ದೆ ಬಂದಿತ್ತು. ನಿಷೇಧವಾದ ಕಡೆ ಗುತ್ತಿಗೆಯವರು ತಾವಾಗಿಯೇ ಖಾಯಂ ಆಗುತ್ತಾರೆಂದು 1996ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2001ರಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಆ ಮಾತನ್ನು ತಳ್ಳಿಹಾಕಿತು. ಗುತ್ತಿಗೆ ಹರಾಜಿನಲ್ಲಿ ಕಡಿಮೆ ದರ ಕೂಗಿದವನೇ ಗೆಲ್ಲುವುದರಿಂದ, ಸರ್ಕಾರ ಗೊತ್ತುಮಾಡಿದ ಕನಿಷ್ಠ ವೇತನವೇ ಅನೇಕ ಕಡೆ ಗರಿಷ್ಠ ವೇತನವಾಗಿಬಿಡುತ್ತದೆ. ಏಜೆನ್ಸಿ ಬದಲಾದರೆ ಹತ್ತು ವರ್ಷದ ಅನುಭವ ಮತ್ತೆ ಮೊದಲ ದಿನಕ್ಕೆ ಇಳಿಯುವುದೂ ಉಂಟು.

ಇನ್ನೊಂದು ಸೂಕ್ಷ್ಮವೂ ಇದೆ. 25 ಲೀಟರಿಗಿಂತ ಚಿಕ್ಕ ಬಾಯ್ಲರ್ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ. ಸಿದ್ಧ ಉಡುಪಿನ ಘಟಕಗಳಲ್ಲಿ ಇಸ್ತ್ರಿಗೆ ಉಗಿ ಕೊಡುವ ಪುಟ್ಟ ಬಾಯ್ಲರುಗಳಲ್ಲಿ ಈ ಮಿತಿಯೊಳಗಿನವೂ ಇವೆ. ಕಾಯ್ದೆಯಿಲ್ಲದ ಕಡೆ ಪ್ರಮಾಣಪತ್ರ ಬೇಕಿಲ್ಲ. ಪ್ರಮಾಣಪತ್ರ ಬೇಡವಾದ ಕಡೆ ಅದಕ್ಕೆ ಸಲ್ಲುವ ಸಂಬಳವೂ ಇಲ್ಲ.

2025ರಲ್ಲಿ ಎರಡು ಬದಲಾವಣೆಗಳಾದವು. ನೂರು ವರ್ಷ ದಾಟಿದ ಹಳೆಯ ಬಾಯ್ಲರ್ ಕಾಯ್ದೆಯ ಜಾಗಕ್ಕೆ ಹೊಸ ಬಾಯ್ಲರ್ ಕಾಯ್ದೆ ಬಂತು. ನವೆಂಬರ್ 21ರಂದು ಕಾರ್ಮಿಕ ಸಂಹಿತೆಗಳು ಜಾರಿಯಾಗಿ, 1948ರ ಕನಿಷ್ಠ ವೇತನ ಕಾಯ್ದೆ ವೇತನ ಸಂಹಿತೆಯಲ್ಲಿ ವಿಲೀನವಾಯಿತು. ಭತ್ಯೆಗಳ ಮೊತ್ತ ಒಟ್ಟು ಸಂಬಳದ ಅರ್ಧವನ್ನು ಮೀರಿದರೆ ಮೀರಿದ ಭಾಗವೂ ವೇತನವೆಂದೇ ಲೆಕ್ಕ ಎಂಬುದು ಇದರ ಮುಖ್ಯ ಅಂಶ. ಭವಿಷ್ಯನಿಧಿ, ಗ್ರಾಚ್ಯುಟಿಗಳು ವೇತನದ ಮೇಲೆ ನಿಂತಿರುವುದರಿಂದ, ಮೂಲ ವೇತನವನ್ನು ಕುಗ್ಗಿಸಿ ಭತ್ಯೆಯನ್ನು ಹಿಗ್ಗಿಸುತ್ತಿದ್ದ ಹಳೆಯ ಜಾಣತನಕ್ಕೆ ಇದು ಕಡಿವಾಣ ಹಾಕಬಹುದು.

ಒಟ್ಟಿನಲ್ಲಿ ಹೇಳುವುದಾದರೆ, ಕಾಗದ ಅವನನ್ನು ಬಾಯ್ಲರ್ ಮನೆಯೊಳಗೆ ಬಿಡುತ್ತದೆ, ಬಾಯ್ಲರಿನ ಗಾತ್ರ ಮತ್ತು ಪಾಳಿ ಅವನ ಸಂಬಳವನ್ನು ಒಂದಿಷ್ಟು ಮೇಲೆತ್ತುತ್ತವೆ, ತುಟ್ಟಿಭತ್ಯೆ ಅದು ಕರಗದಂತೆ ಕಾಯುತ್ತದೆ. ಆದರೆ ಇವೆಲ್ಲವೂ ಕೊನೆಗೆ ನಿಲ್ಲುವುದು ಅವನ ಹೆಸರು ಯಾರ ಹಾಜರಿ ಪುಸ್ತಕದಲ್ಲಿದೆ ಎಂಬುದರ ಮೇಲೆ. ಆಸ್ಪತ್ರೆ, ಮಾಲು, ಕಾರ್ಖಾನೆಗಳ ನೆಲಮಾಳಿಗೆಯಲ್ಲಿ ಅವನು ಕಣ್ಣಲ್ಲಿ ಕಣ್ಣಿಟ್ಟು ಕಾಯುವುದು ಮೇಲಿರುವ ನೂರಾರು ಜೀವಗಳನ್ನು. ಆ ಕಾವಲಿಗೆ ಬೆಲೆ ಕಟ್ಟುವ ಕೆಲಸವನ್ನು ಕಡಿಮೆ ದರದ ಟೆಂಡರಿಗೆ ಬಿಟ್ಟುಕೊಟ್ಟು ನಾವು ನಿಶ್ಚಿಂತೆಯಿಂದಿರಬಹುದೇ?