ಹವ್ಯಾಸಿ ರೇಡಿಯೋದಲ್ಲಿ ದತ್ತಾಂಶ ರವಾನೆಯ ವೇಗಮಿತಿ: ಭಾಗಮಂಡಲ ಹೋಬಳಿಯ ಅರ್ಜಿದಾರರಿಗೆ ಮಾಹಿತಿ

ಹವ್ಯಾಸಿ ರೇಡಿಯೋ, ಅಂದರೆ ಹ್ಯಾಮ್ ಕೇಂದ್ರವನ್ನು ಸ್ಥಾಪಿಸಲು ಪರವಾನಗಿ ಕೋರುವ ನಾಗರಿಕರಲ್ಲಿ ಅನೇಕರು ಧ್ವನಿಯಲ್ಲದೆ ಗಣಕಯಂತ್ರದ ಮೂಲಕ ಅಕ್ಷರ, ಅಂಕಿ ಹಾಗೂ ಚಿತ್ರಗಳನ್ನೂ ಕಳುಹಿಸಲು ಬಯಸುತ್ತಾರೆ. ಹೀಗೆ ಕಳುಹಿಸುವಾಗ ಪಾಲಿಸತಕ್ಕ ವೇಗಮಿತಿಯ ಕುರಿತು ಸಾರ್ವಜನಿಕರ ಅವಗಾಹನೆಗಾಗಿ ಈ ಮಾಹಿತಿಯನ್ನು ನೀಡಲಾಗಿದೆ.

ಮಡಿಕೇರಿ ತಾಲ್ಲೂಕಿನ ಭಾಗಮಂಡಲವು ಕಾವೇರಿ, ಕನ್ನಿಕೆ ಮತ್ತು ಗುಪ್ತಗಾಮಿನಿಯೆಂದು ನಂಬಲಾದ ಸುಜ್ಯೋತಿ ನದಿಗಳ ಸಂಗಮಸ್ಥಾನ. ಮುಂಗಾರು ಬಿರುಸಾದ ವರ್ಷಗಳಲ್ಲಿ ಸಂಗಮದ ನೀರು ರಸ್ತೆಗಳ ಮೇಲೆ ಹರಿದು ಸಂಚಾರ ನಿಲ್ಲುವುದು ಇಲ್ಲಿನವರಿಗೆ ಹೊಸತಲ್ಲ. 2020ರ ಆಗಸ್ಟ್ ತಿಂಗಳಿನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಬೆಟ್ಟ ಕುಸಿದು ಅರ್ಚಕರ ಮನೆಯು ಮಣ್ಣಿನಡಿ ಸೇರಿದಾಗ ಭಾಗಮಂಡಲವೂ ನೆರೆಯಲ್ಲಿ ಸಿಲುಕಿತ್ತು. ವಿದ್ಯುತ್ ಹಾಗೂ ದೂರವಾಣಿ ಕೈಕೊಡುವ ಇಂತಹ ದಿನಗಳಲ್ಲಿ ಬ್ಯಾಟರಿಯಿಂದ ನಡೆಯುವ ಒಂದು ಹ್ಯಾಮ್ ಕೇಂದ್ರದಿಂದ ನಿಜವಾಗಿ ಎಷ್ಟು ಮಾಹಿತಿ ಹೊರಹೋಗಬಲ್ಲದು ಎಂಬುದನ್ನು ಅರ್ಜಿದಾರರು ಮೊದಲೇ ತಿಳಿದಿರುವುದು ಉತ್ತಮ.

ಭಾರತದಲ್ಲಿ ಮಿತಿಯ ಸ್ವರೂಪ

ಹವ್ಯಾಸಿ ಕೇಂದ್ರಗಳಿಗೆ ಪರವಾನಗಿ ನೀಡುವ ಅಧಿಕಾರವು ರಾಜ್ಯ ಸರ್ಕಾರಕ್ಕಾಗಲಿ ಜಿಲ್ಲಾಡಳಿತಕ್ಕಾಗಲಿ ಇರುವುದಿಲ್ಲ. ಅದು ಕೇಂದ್ರ ಸಂಪರ್ಕ ಸಚಿವಾಲಯದ ದೂರಸಂಪರ್ಕ ಇಲಾಖೆಗೆ ಸೇರಿದ ನಿಸ್ತಂತು ಯೋಜನೆ ಮತ್ತು ಸಮನ್ವಯ ವಿಭಾಗಕ್ಕೆ ಸೇರಿದ್ದು. 1885ರ ಭಾರತೀಯ ಟೆಲಿಗ್ರಾಫ್ ಕಾಯಿದೆಯಡಿ 1978ರಲ್ಲಿ ರೂಪಿಸಿ ಅನಂತರ ತಿದ್ದುಪಡಿ ಮಾಡಲಾದ ಹವ್ಯಾಸಿ ಸೇವೆಯ ನಿಯಮಾವಳಿಯು ಈ ಕ್ಷೇತ್ರದ ಮೂಲ ದಾಖಲೆ. ಸಂಸತ್ತು 2023ರಲ್ಲಿ ದೂರಸಂಪರ್ಕ ಅಧಿನಿಯಮವನ್ನು ಅಂಗೀಕರಿಸಿದ್ದು, ಅದನ್ನು 2024ರ ಜೂನ್ ತಿಂಗಳಿನಿಂದ ಹಂತಹಂತವಾಗಿ ಜಾರಿಗೊಳಿಸಲು ಆರಂಭಿಸಲಾಯಿತು. ಆದಕಾರಣ ಅರ್ಜಿ ಸಲ್ಲಿಸುವ ದಿನದಂದು ಜಾರಿಯಲ್ಲಿರುವ ಕೋಷ್ಟಕವನ್ನೇ ನೋಡತಕ್ಕದ್ದು. ಹಳೆಯ ಕೈಪಿಡಿಗಳನ್ನು ನಂಬಿ ಅರ್ಜಿ ತುಂಬಬಾರದು.

1978ರ ನಿಯಮಾವಳಿಯು ಆವರ್ತನದ ಬ್ಯಾಂಡ್, ಪ್ರಸರಣದ ವರ್ಗ ಮತ್ತು ವಿದ್ಯುತ್ ಶಕ್ತಿ ಎಂಬ ಮೂರರ ಮೂಲಕ ಕೇಂದ್ರವನ್ನು ನಿಯಂತ್ರಿಸುತ್ತದೆ. ಸೆಕೆಂಡಿಗೆ ಇಷ್ಟೇ ಸಂಕೇತಗಳೆಂಬ ಪ್ರತ್ಯೇಕ ಸಂಖ್ಯೆಯನ್ನು ಅದರ ಕೋಷ್ಟಕದಲ್ಲಿ ಮುದ್ರಿಸಿಲ್ಲ. ಹೀಗಿದ್ದರೂ ‘300 ಬಾಡ್ ಮೀರಿದರೆ ಅಪರಾಧ’ ಎಂಬ ಮಾತು ಹವ್ಯಾಸಿಗಳ ನಡುವೆ ಕೇಳಿಬರುವುದುಂಟು. ಇದು ಅಮೆರಿಕದ ಪುಸ್ತಕಗಳಿಂದ ಬಂದ ಮಾತು. ಆ ದೇಶದಲ್ಲಿ 28 ಮೆಗಾಹರ್ಟ್ಸ್‌ಗಿಂತ ಕೆಳಗಿನ ಹವ್ಯಾಸಿ ಬ್ಯಾಂಡ್‌ಗಳಲ್ಲಿ ದತ್ತಾಂಶಕ್ಕೆ 300 ಬಾಡ್ ಮಿತಿಯು ಹಲವು ದಶಕಗಳ ಕಾಲ ಜಾರಿಯಲ್ಲಿತ್ತು. 1800 ಬಾಡ್‌ನಲ್ಲಿ ನಡೆಯುವ ಪ್ಯಾಕ್ಟರ್-4 ಎಂಬ ವಿಧಾನವನ್ನು ಅಲ್ಲಿನ ಹವ್ಯಾಸಿಗಳು ಅದೇ ಕಾರಣಕ್ಕೆ ಬಳಸುವಂತಿರಲಿಲ್ಲ. 2023ರ ನವೆಂಬರ್‌ನಲ್ಲಿ ಅಲ್ಲಿನ ಫೆಡರಲ್ ಸಂವಹನ ಆಯೋಗವು ಆ ಮಿತಿಯನ್ನು ತೆಗೆದು ಹಾಕಿ, ಅದರ ಸ್ಥಾನದಲ್ಲಿ 2.8 ಕಿಲೋಹರ್ಟ್ಸ್ ಬ್ಯಾಂಡ್‌ವಿಡ್ತ್ ಮಿತಿಯನ್ನು ವಿಧಿಸಿತು. ಹೊಸ ಆದೇಶವು 2024ರ ಜನವರಿಯಿಂದ ಜಾರಿಗೆ ಬಂದಿತು. ಹೀಗೆ ಅಲ್ಲಿಯೇ ರದ್ದಾದ ನಿಯಮವನ್ನು ಇಲ್ಲಿನ ಕಾನೂನೆಂದು ಭಾವಿಸುವ ಅಗತ್ಯವಿಲ್ಲ.

ಬಾಡ್, ಬಿಟ್ ಮತ್ತು ಬ್ಯಾಂಡ್‌ವಿಡ್ತ್

ಒಂದು ಸೆಕೆಂಡಿನಲ್ಲಿ ತರಂಗದ ಸ್ಥಿತಿಯು ಎಷ್ಟು ಬಾರಿ ಬದಲಾಗಬಹುದೋ ಅದು ಬಾಡ್. ಪ್ರತಿ ಬದಲಾವಣೆಯೂ ಒಂದೇ ಬಿಟ್ ಹೊತ್ತರೆ 300 ಬಾಡ್ ಎಂದರೆ ಸೆಕೆಂಡಿಗೆ 300 ಬಿಟ್. ನಾಲ್ಕು ಸ್ಥಿತಿಗಳನ್ನು ಬಳಸಿ ತಲಾ ಎರಡು ಬಿಟ್ ಹೊರಿಸಿದರೆ ಅದೇ 300 ಬಾಡ್‌ನಲ್ಲಿ 600 ಬಿಟ್ ಸಾಗುತ್ತವೆ. ಬಾಡ್ ಮಿತಿಯಿಂದ ಮಾಹಿತಿಯ ವೇಗವೂ ನಿಖರವಾಗಿ ನಿಯಂತ್ರಣವಾಗದು, ನೆರೆಯ ಕೇಂದ್ರಕ್ಕೆ ಆಗುವ ಅಡಚಣೆಯೂ ನಿಖರವಾಗಿ ನಿಯಂತ್ರಣವಾಗದು. ಬ್ಯಾಂಡ್‌ವಿಡ್ತ್ ಮಿತಿಯೇ ಹೆಚ್ಚು ನ್ಯಾಯವಾದದ್ದು, ಏಕೆಂದರೆ ಹಂಚಿಕೊಳ್ಳಬೇಕಾದ ಆಸ್ತಿ ಅದೇ.

ಅರ್ಜಿಯಲ್ಲಿಯೂ ಪರವಾನಗಿಯಲ್ಲಿಯೂ ಕಾಣುವ ಪ್ರಸರಣ ವರ್ಗದ ಸಂಕೇತವನ್ನು ಅರ್ಥಮಾಡಿಕೊಂಡರೆ ಈ ವಿಷಯ ಸ್ಪಷ್ಟವಾಗುತ್ತದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಪದ್ಧತಿಯಂತೆ ಸಂಕೇತದ ಮೊದಲ ಭಾಗವು ಅಗತ್ಯ ಬ್ಯಾಂಡ್‌ವಿಡ್ತನ್ನೂ, ಉಳಿದ ಮೂರು ಅಕ್ಷರಾಂಕಗಳು ಪ್ರಸರಣದ ಬಗೆಯನ್ನೂ ತಿಳಿಸುತ್ತವೆ. ಎಫ್1ಬಿ ಎಂದರೆ ಆವರ್ತನವನ್ನು ಅತ್ತಿತ್ತ ಸರಿಸಿ ಕಳುಹಿಸುವ, ಯಂತ್ರವು ಓದಿಕೊಳ್ಳುವ ಟೆಲಿಗ್ರಾಫ್ ಸಂದೇಶ. ಕೊನೆಯ ಅಕ್ಷರ ಡಿ ಆಗಿದ್ದರೆ ದತ್ತಾಂಶ. ಎಫ್1ಬಿ ಬಗೆಗೆ ಬೇಕಾದ ಬ್ಯಾಂಡ್‌ವಿಡ್ತನ್ನು ಹೀಗೆ ಲೆಕ್ಕ ಹಾಕಲಾಗುತ್ತದೆ: ಬಾಡ್ ಸಂಖ್ಯೆಗೆ, ಎರಡು ಆವರ್ತನಗಳ ನಡುವಣ ಅಂತರವನ್ನು 1.2ರಿಂದ ಗುಣಿಸಿ ಕೂಡಿಸುವುದು. 100 ಬಾಡ್ ಹಾಗೂ 170 ಹರ್ಟ್ಸ್ ಅಂತರಕ್ಕೆ 304 ಹರ್ಟ್ಸ್. 300 ಬಾಡ್ ಹಾಗೂ 200 ಹರ್ಟ್ಸ್ ಅಂತರಕ್ಕೆ 540 ಹರ್ಟ್ಸ್. ವೇಗ ಹೆಚ್ಚಿದಂತೆ ಆಕ್ರಮಿಸುವ ಜಾಗವೂ ಹೆಚ್ಚುವುದನ್ನು ಗಮನಿಸಬಹುದು. ತಮ್ಮ ಪರವಾನಗಿಯಲ್ಲಿ ನಮೂದಾಗದ ಪ್ರಸರಣ ವರ್ಗವನ್ನು, ತಂತ್ರಾಂಶವು ಉಚಿತವಾಗಿ ದೊರೆಯುತ್ತದೆಂಬ ಕಾರಣಕ್ಕೆ ಬಳಸತಕ್ಕದ್ದಲ್ಲ.

ಬೆಟ್ಟವೂ ಮೋಡವೂ ವಿಧಿಸುವ ಮಿತಿ

144 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ಪ್ಯಾಕೆಟ್ ವಿಧಾನದಿಂದ 1200 ಬಿಟ್, ಸೂಕ್ತ ಉಪಕರಣವಿದ್ದರೆ 9600 ಬಿಟ್ ವೇಗ ಸಾಧ್ಯ. ಆದರೆ ಈ ತರಂಗಗಳು ಬಹುಮಟ್ಟಿಗೆ ದೃಷ್ಟಿರೇಖೆಯಲ್ಲಿ ಸಾಗತಕ್ಕವು. ಕಣಿವೆಯಲ್ಲಿರುವ ಭಾಗಮಂಡಲಕ್ಕೂ ಮಡಿಕೇರಿಗೂ ನಡುವೆ ಬೆಟ್ಟಸಾಲುಗಳಿರುವುದರಿಂದ ಎತ್ತರದಲ್ಲಿ ರಿಪೀಟರ್ ಇಲ್ಲದೆ ಇದನ್ನು ನೆಚ್ಚಿಕೊಳ್ಳಲಾಗದು. 7 ಮೆಗಾಹರ್ಟ್ಸ್ ಬ್ಯಾಂಡ್‌ನಲ್ಲಿ ತಗ್ಗಿನಲ್ಲಿ ಅಡ್ಡಲಾಗಿ ಕಟ್ಟಿದ ತಂತಿಯಿಂದ ತರಂಗವು ಮೇಲಕ್ಕೇರಿ ಅಯಾನುಗೋಳದಿಂದ ಮರಳುತ್ತದೆ. ಬೆಟ್ಟಗಳು ಅಡ್ಡಿಯಾಗುವುದಿಲ್ಲ, ಹಗಲಿನಲ್ಲಿ ಮಡಿಕೇರಿ, ಮಂಗಳೂರು, ಮೈಸೂರು, ಬೆಂಗಳೂರು ಎಲ್ಲವೂ ವ್ಯಾಪ್ತಿಗೆ ಬರಬಹುದು. ಆದರೆ ಒಂದೇ ಸಂಕೇತವು ಬೇರೆ ಬೇರೆ ಹಾದಿಗಳಿಂದ ಕೆಲವು ಮಿಲಿಸೆಕೆಂಡುಗಳ ಅಂತರದಲ್ಲಿ ಬಂದು ತಲಪುತ್ತದೆ. 300 ಬಾಡ್‌ನಲ್ಲಿ ಒಂದು ಸಂಕೇತದ ಆಯಸ್ಸೇ ಸುಮಾರು 3.3 ಮಿಲಿಸೆಕೆಂಡು. ಹಿಂದಿನದರ ಪ್ರತಿಧ್ವನಿ ಮುಂದಿನದರ ಮೇಲೆ ಬಿದ್ದು ಅಕ್ಷರ ಕೆಡುತ್ತದೆ. ಕಾನೂನು ತಡೆಯದಿದ್ದರೂ ಆಕಾಶ ತಡೆಯುತ್ತದೆ ಎಂದರ್ಥ. ಮಳೆಗಾಲದ ಗುಡುಗು ಮಿಂಚಿನ ಗದ್ದಲ ಇದರ ಮೇಲೆ.

ಕನ್ನಡದಲ್ಲಿ ಸಂದೇಶ ಕಳುಹಿಸುವವರು ಇನ್ನೊಂದು ಸಂಗತಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಯೂನಿಕೋಡ್‌ನ ಪ್ರಚಲಿತ ಯುಟಿಎಫ್-8 ರೂಪದಲ್ಲಿ ಕನ್ನಡದ ಪ್ರತಿ ಅಕ್ಷರಸಂಕೇತಕ್ಕೆ, ಕಾಗುಣಿತ ಚಿಹ್ನೆಗಳೂ ಸೇರಿದಂತೆ, ಮೂರು ಬೈಟ್ ಬೇಕು. ‘ಭಾಗಮಂಡಲ’ ಎಂಬ ಒಂದು ಪದಕ್ಕೆ 21 ಬೈಟ್. ಇದನ್ನೇ ರೋಮನ್ ಲಿಪಿಯ 12 ಅಕ್ಷರಗಳಲ್ಲಿ ಬರೆದರೆ 12 ಬೈಟ್. ಐದು ಬಿಟ್‌ಗಳ ಹಳೆಯ ರೇಡಿಯೋ ಟೆಲಿಟೈಪ್ ವಿಧಾನದಲ್ಲಿ ಕನ್ನಡ ಲಿಪಿಗೆ ಸ್ಥಳವೇ ಇಲ್ಲ. ಈಗ ಜನಪ್ರಿಯವಾಗಿರುವ ಎಫ್‌ಟಿ8 ವಿಧಾನವು ಅತ್ಯಂತ ಕ್ಷೀಣ ಸಂಕೇತವನ್ನೂ ಹಿಡಿಯಬಲ್ಲದಾದರೂ ಒಂದು ಸರದಿಯಲ್ಲಿ ಕೇವಲ 13 ಅಕ್ಷರಗಳ ಸ್ವತಂತ್ರ ಪಠ್ಯವನ್ನು ಒಯ್ಯುತ್ತದೆ, ಅದೂ ರೋಮನ್ ಲಿಪಿಯಲ್ಲಿ. 480 ಬೈಟ್‌ಗಳ ಕನ್ನಡ ಸಂದೇಶಕ್ಕೆ ಸೆಕೆಂಡಿಗೆ 300 ಬಿಟ್ ವೇಗದಲ್ಲಿ ಸುಮಾರು 13 ಸೆಕೆಂಡು ಸಾಕು. ಆದರೆ ಕುಸಿದ ರಸ್ತೆಯ 300 ಕಿಲೋಬೈಟ್ ಛಾಯಾಚಿತ್ರಕ್ಕೆ 8000 ಸೆಕೆಂಡು, ಅಂದರೆ ಎರಡು ಗಂಟೆ 13 ನಿಮಿಷ. 1200 ಬಿಟ್‌ನಲ್ಲಿ 33 ನಿಮಿಷ. ಮರುಪ್ರಸಾರದ ಸಮಯ ಇದರಲ್ಲಿ ಸೇರಿಲ್ಲ. ಆದ್ದರಿಂದ ಚಿತ್ರದ ಬದಲು ಸ್ಥಳ, ಸಮಯ, ಜನರ ಸಂಖ್ಯೆ, ಬೇಕಾದ ನೆರವು ಇವಿಷ್ಟನ್ನು ಬರೆದು ಕಳುಹಿಸುವುದೇ ಉಚಿತ.

ಯಾರ ಸಂದೇಶ, ಯಾವ ರೂಪದಲ್ಲಿ

ವೇಗ ಹೆಚ್ಚಿಸಲು ಸಂದೇಶವನ್ನು ಕುಗ್ಗಿಸುವಾಗ, ಕುಗ್ಗಿಸುವ ವಿಧಾನವು ಸಾರ್ವಜನಿಕವಾಗಿ ತಿಳಿದಿರತಕ್ಕದ್ದು. ಅರ್ಥವನ್ನು ಮರೆಮಾಚಲು ಗೂಢಲಿಪಿ ಬಳಸುವಂತಿಲ್ಲ. ದೇಶದೇಶಗಳ ನಡುವಣ ಹವ್ಯಾಸಿ ಸಂಪರ್ಕಕ್ಕೆ ಅಂತರರಾಷ್ಟ್ರೀಯ ರೇಡಿಯೋ ನಿಯಮಾವಳಿಯೂ ಇದನ್ನು ನಿಷೇಧಿಸುತ್ತದೆ. ವ್ಯಾಪಾರದ ಸಂದೇಶಗಳಿಗೆ ಅವಕಾಶವಿಲ್ಲ. ಮೂರನೆಯವರ ಪರವಾಗಿ ಸಂದೇಶ ರವಾನಿಸುವುದಕ್ಕೂ ನಿರ್ಬಂಧವಿದ್ದು, ಪ್ರಕೃತಿ ವಿಕೋಪದಲ್ಲಿ ಜಿಲ್ಲಾಧಿಕಾರಿಗಳು ಅಥವಾ ಅವರು ಅಧಿಕಾರ ನೀಡಿದ ಅಧಿಕಾರಿಗಳಂತಹ ಸಕ್ಷಮ ನಾಗರಿಕ ಪ್ರಾಧಿಕಾರಗಳ ನಡುವಣ ಸಂದೇಶಗಳಿಗೆ ವಿನಾಯಿತಿ ನೀಡಲಾಗಿದೆ. ಆದಕಾರಣ ಮಳೆಗಾಲಕ್ಕೆ ಮುನ್ನವೇ ಮಡಿಕೇರಿಯ ಜಿಲ್ಲಾಡಳಿತಕ್ಕೆ ತಮ್ಮ ಕರೆಸಂಕೇತ ಮತ್ತು ಬಳಸುವ ದತ್ತಾಂಶ ವಿಧಾನವನ್ನು ಲಿಖಿತವಾಗಿ ತಿಳಿಸಿಡುವುದು ವಿವೇಕದ ಕ್ರಮ. ಎದುರು ಕೇಂದ್ರದಲ್ಲಿ ಅದೇ ವಿಧಾನದ ಉಪಕರಣವಿಲ್ಲದಿದ್ದರೆ ಎಷ್ಟು ವೇಗವಿದ್ದೂ ಪ್ರಯೋಜನವಿಲ್ಲ.

12 ವರ್ಷ ತುಂಬಿದ ನಾಗರಿಕರು ಅರ್ಹತಾ ಪರೀಕ್ಷೆಗೆ ಅರ್ಜಿ ಸಲ್ಲಿಸಬಹುದು. ಸಾಮಾನ್ಯ ಹಾಗೂ ನಿರ್ಬಂಧಿತ ಎಂಬ ಎರಡು ದರ್ಜೆಗಳಿದ್ದು, ಕರೆಸಂಕೇತಗಳು ಅನುಕ್ರಮವಾಗಿ ವಿಯು2 ಮತ್ತು ವಿಯು3 ಎಂದು ಆರಂಭವಾಗುತ್ತವೆ. ಅರ್ಜಿಯನ್ನು ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಜಾಲತಾಣದಲ್ಲಿ ಸಲ್ಲಿಸತಕ್ಕದ್ದು. ಮಳೆಗಾಲದಲ್ಲಿ ಹೋಬಳಿಯ ಅಂತರಜಾಲ ಸಂಪರ್ಕವು ಅನಿಶ್ಚಿತವಾಗಿರುವುದರಿಂದ ದಾಖಲೆಗಳನ್ನು ಮೇ ತಿಂಗಳೊಳಗೆ ಸಲ್ಲಿಸುವುದು ಅನುಕೂಲಕರ.