ವೈಫೈ ಸ್ವಿಚ್ ಕೈಕೊಟ್ಟರೆ ಮೊದಲು ಕರೆಂಟ್, ರೂಟರ್ ನೋಡಿ

ಕುಕನೂರು: ಅಂಗಡಿ ಬೋರ್ಡಿನ ಲೈಟು ಮೊಬೈಲ್‌ನಿಂದ ಹತ್ತದೆ ಆ್ಯಪ್‌ನಲ್ಲಿ ‘ಆಫ್‌ಲೈನ್’ ಅಂತ ಬಂದರೆ ವೈಫೈ ಸ್ವಿಚ್ ಕೆಟ್ಟಿತೆಂದು ಕಿತ್ತು ಹಾಕಬೇಡಿ. ಕರೆಂಟ್ ಹೋಗಿ ಬಂದಾಗ ಸ್ವಿಚ್ ತಕ್ಷಣ ಚಾಲೂ ಆಗುತ್ತದೆ. ರೂಟರ್‌ಗೆ ಒಂದೆರಡು ನಿಮಿಷ ಬೇಕು. ಸ್ವಲ್ಪ ಕಾದು, ಸ್ವಿಚ್‌ನ ಲೈನ್ ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಎಷ್ಟೋ ಸಲ ಸರಿಹೋಗುತ್ತದೆ. ರೂಟರ್ ಹೊಸದಾದರೆ ಮತ್ತೆ ಜೋಡಿಸಬೇಕು. ಇಂಥ ಬಹುತೇಕ ಸ್ವಿಚ್‌ಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ, 5 ಗಿಗಾಹರ್ಟ್ಸ್ ಅವಕ್ಕೆ ಕಾಣುವುದೇ ಇಲ್ಲ.

ನಿಜವಾದ ಅಪಾಯ ಫರ್ಮ್‌ವೇರ್ ಅಪ್‌ಡೇಟ್ ಹೊತ್ತಿನದು. ಸ್ವಿಚ್‌ನೊಳಗಿನ ಸಾಫ್ಟ್‌ವೇರ್ ಬದಲಾಗುತ್ತಿರುವಾಗಲೇ ಕರೆಂಟ್ ಹೋದರೆ ಕೆಲವು ಮತ್ತೆ ಏಳುವುದೇ ಇಲ್ಲ. ಮಳೆ-ಗಾಳಿ ಇದ್ದಾಗ, ಜೆಸ್ಕಾಂ ವಿದ್ಯುತ್ ವ್ಯತ್ಯಯದ ಪ್ರಕಟಣೆ ಕೊಟ್ಟ ದಿನ ಅಪ್‌ಡೇಟ್ ಒತ್ತಬೇಡಿ. ಯುಪಿಎಸ್ ರೂಟರ್‌ಗಷ್ಟೇ ಇದ್ದರೆ ಸಾಲದು, ಸ್ವಿಚ್ ಲೈನಿಗೂ ಇನ್ವರ್ಟರ್ ಬೇಕು. ಹಾಗಂತ ಅಪ್‌ಡೇಟ್ ಪೂರ್ತಿ ಬಿಡುವಂತಿಲ್ಲ, ಭದ್ರತೆಯ ಲೋಪ ಮುಚ್ಚುವುದು ಅದೇ.